ಒಂದೇ ದಿನದಲ್ಲಿ ಲೇಕ್ ತಾಹೋ, ಅತ್ತೆ ಮಾವನ ಜೊತೆ ಬೋಟ್ ಸಮೇತ: ನನ್ನ ಅನುಭವ

ಸ್ಯಾನ್ ಫ್ರಾನ್ಸಿಸ್ಕೋ ಹತ್ರದ ಫ್ರೀಮಾಂಟಿಂದ ಬೆಳಗಿನ ಜಾವ ಹೊರಟು, ಕ್ಯಾಲಿಫೋರ್ನಿಯಾ-ನೆವಾಡಾ ಗಡೀಲಿರೋ ತಾಹೋ ಸರೋವರದಲ್ಲಿ ಬೋಟ್ ಓಡಿಸಿ, ಅದರ ಎಮರಾಲ್ಡ್ ಬೇ ಅನ್ನೋ ಕೊಲ್ಲಿ ಸುತ್ತಿ, ನೀರಲ್ಲಿ ಆಡಿ, ಊಟ ಮಾಡಿ, ಅದೇ ರಾತ್ರಿ ಮನೇಲಿ ಮಲ್ಕೊಳೋದು ಆಗುತ್ತೆ. ಅದೂ ಎಪ್ಪತ್ತು ದಾಟಿದ ಅತ್ತೆ ಮಾವ, ಮಕ್ಕಳು ಮರಿ ಎಲ್ಲಾ ಸೇರಿ ಹತ್ತು ಜನ. ಇದನ್ನ ನಮ್ಮ ಬೇ ಏರಿಯಾ ಕನ್ನಡದವರ ಗುಂಪಲ್ಲಿ ಹೇಳಿದಾಗ ಒಬ್ಬರೂ ನಂಬಿರ್ಲಿಲ್ಲ. ‘ಸುಮ್ನೆ ಎರಡು ರಾತ್ರಿ ಕ್ಯಾಬಿನ್ ತಗೊಳ್ರೀ, ವಯಸ್ಸಾದೋರನ್ನ ಯಾಕೆ ಗೋಳು ಹುಯ್ಕೋತೀರಾ’ ಅಂತ ಒಬ್ಬರು, ‘ಬೋಟ್ ಎಲ್ಲಾ ಬೇಡ, ದಡದಲ್ಲಿ ಕೂತು ಫೋಟೋ ತೆಗೆಸ್ಕೊಂಡು ಬನ್ನಿ’ ಅಂತ ಇನ್ನೊಬ್ಬರು. ನಮ್ಮನೆಯವರಿಗೂ ಅನುಮಾನಾನೇ ಇತ್ತು. ಈಗ ಅವರೇ ಎಲ್ಲರ ಹತ್ರ ಹೇಳ್ಕೊಂಡು ಓಡಾಡ್ತಿದಾರೆ, ಅದಕ್ಕೇ ನಾನೇ ಕೂತು ಬರೆದುಬಿಡೋಣ ಅಂತ.

ಪಾರ್ಕಿಂಗ್ ಅದೂ ಇದೂ ವಿವರ ಬಿಡ್ತೀನಿ. ನಾವು ಬಾಡಿಗೆಗೆ ತಗೊಂಡಿದ್ದು ಪಾಂಟೂನ್, ಅಂದ್ರೆ ತೇಲೋ ಕೊಳವೆಗಳ ಮೇಲೆ ಕೂರಿಸಿದ ಚಪ್ಪಟೆ ಬೋಟು.

ಮೊದಲು ಕ್ಯಾಬಿನ್, ಅಂದ್ರೆ ಅಲ್ಲಿ ರಜೆಗೆ ಸಿಗೋ ಬಾಡಿಗೆ ಮನೆ ಕತೆ. ಒಂದೆರಡು ಬೇಸಿಗೆ ನಾವೂ ಎಲ್ಲರ ಥರ ವೀಕೆಂಡ್ ಕ್ಯಾಬಿನ್ನೇ ಮಾಡಿದ್ವಿ. ಎರಡು ರಾತ್ರಿಗೆ ಕ್ಲೀನಿಂಗ್ ಫೀ, ಟ್ಯಾಕ್ಸು, ಅದೂ ಇದೂ ಸೇರಿ ಸಾವಿರದ ನಾನೂರು ಡಾಲರ್ ಹತ್ರ ಹೋಯ್ತು. ಶುಕ್ರವಾರ ಸಂಜೆ ತಾಹೋಗೆ ಹೋಗೋ ಹೈವೇ 50ರಲ್ಲಿ ಪ್ಲಾಸರ್‌ವಿಲ್ ಅನ್ನೋ ಊರು ದಾಟೋಕೇ ಮುಕ್ಕಾಲು ಗಂಟೆ, ಭಾನುವಾರ ವಾಪಸ್ ಬರೋವಾಗ ಅದಕ್ಕಿಂತ ಜಾಸ್ತಿ. ಇನ್ನು ಬೋಟು. ವೀಕೆಂಡಲ್ಲಿ ಬೆಳಗ್ಗೆ ಸ್ಲಾಟ್ ಸಿಗಲ್ಲ, ಮಧ್ಯಾಹ್ನ ಒಂದು ಗಂಟೆದು ಮಾತ್ರ ಖಾಲಿ ಇತ್ತು, ರೇಟೂ ಸ್ವಲ್ಪ ಕಮ್ಮಿ, ತಗೊಂಡ್ವಿ. ನೀರಿಗೆ ಇಳಿದು ಇಪ್ಪತ್ತು ನಿಮಿಷ ಆಗಿರ್ಬೇಕು, ಗಾಳಿ ಎದ್ದು ಅಲೆ ಮೇಲೆಲ್ಲಾ ಬಿಳಿ ನೊರೆ ಶುರುವಾಯ್ತು, ಬೋಟ್ ಬಾಡಿಗೆಗೆ ಕೊಡೋ ಮರೀನಾದವರು ಫೋನ್ ಮಾಡಿ ಎಲ್ಲಾ ಬೋಟ್ ವಾಪಸ್ ಕರೆಸ್ಕೊಂಡ್ರು. ಕರೆಸಿದ್ದು ಸರಿ. ಆದ್ರೆ ದುಡ್ಡು ಒಂದು ಪೈಸೆ ವಾಪಸ್ ಕೊಡ್ಲಿಲ್ಲ, ಹವಾಮಾನ ನಮ್ಮ ಕೈಲಿಲ್ಲ ಅಂದ್ರು. ಐನೂರು ಚಿಲ್ಲರೆ ಡಾಲರ್ ನೀರಿಗೆ ಹೋಯ್ತು. ನಮ್ಮ ಫ್ರೆಂಡ್ ಗುಂಪಿನ ಕತೆ ಇನ್ನೂ ಕಷ್ಟ, ದಡದ ಹತ್ರ ಬಂಡೆಗೆ ಪ್ರೊಪೆಲ್ಲರ್ ತಾಗಿ ಅವರ ಡೆಪಾಸಿಟ್ಟಲ್ಲಿ ಮುನ್ನೂರರ ಹತ್ರ ಮುರ್ಕೊಂಡ್ರು.

ಆ ಗಾಳಿ ಬಗ್ಗೆ ಆಮೇಲೆ ಕೂತು ಓದಿದೆ. ಬೇಸಿಗೇಲಿ ಬಿಸಿಲು ಏರ್ತಿದ್ದಂಗೆ ನೆವಾಡಾ ಕಡೆ ಒಣ ನೆಲ ಕಾಯುತ್ತೆ, ಆಗ ಸಿಯೆರಾ ಬೆಟ್ಟ ದಾಟಿ ನೈಋತ್ಯದ ಗಾಳಿ ಕೆಳಗೆ ನುಗ್ಗುತ್ತೆ, ಇದು ಹೆಚ್ಚೂಕಮ್ಮಿ ದಿನಾ ಆಗೋ ಕತೆ. ಸರೋವರ 22 ಮೈಲಿ ಉದ್ದ, 12 ಮೈಲಿ ಅಗಲ, ಅಷ್ಟು ಜಾಗ ಸಿಕ್ಕಿದ್ರೆ ಅಲೆ ಬೆಳೀದೆ ಇರುತ್ತಾ? ಬೆಳಗ್ಗೆ ಎಂಟು ಗಂಟೆಗೆ ಅದೇ ನೀರು ಎಣ್ಣೆ ಸುರಿದಂಗೆ ಇರುತ್ತೆ. ನನ್ನ ಲೆಕ್ಕ ಅಲ್ಲೇ ಶುರುವಾಗಿದ್ದು. ಬೋಟಿಗೆ ಬೇಕಿರೋದು ಬೆಳಗ್ಗೆ ಮೂರು ಗಂಟೆ ಹೊತ್ತು ಮಾತ್ರ, ಅಷ್ಟಕ್ಕೆ ಎರಡು ರಾತ್ರಿ ಬಾಡಿಗೆ ಯಾಕೆ ಕಟ್ಬೇಕು?

2025ರ ಬೇಸಿಗೇಲಿ ಈ ಪ್ಲಾನ್ ಹೇಳಿದಾಗ ಜನ ಹೆದರಿದ್ದಕ್ಕೆ ಕಾರಣಾನೂ ಇತ್ತು. ಜೂನ್ 21ಕ್ಕೆ ಡಿ.ಎಲ್. ಬ್ಲಿಸ್ ಸ್ಟೇಟ್ ಪಾರ್ಕ್ ಹತ್ರ ಮಧ್ಯಾಹ್ನ ದಿಢೀರ್ ಬಿರುಗಾಳಿ ಬಂದು ಒಂದು ಬೋಟ್ ಮಗುಚಿ ಎಂಟು ಜನ ತೀರ್ಕೊಂಡಿದ್ರು. ಅದನ್ನ ನಾನು ಹಗುರವಾಗಿ ತಗೊಳ್ಲಿಲ್ಲ. ಹಿಂದಿನ ರಾತ್ರಿ ಫೋರ್‌ಕಾಸ್ಟಲ್ಲಿ ಗಾಳಿ, ಗುಡುಗು ಏನಾದ್ರೂ ತೋರಿಸಿದ್ರೆ ಬುಕಿಂಗ್ ದುಡ್ಡು ಹೋದ್ರೂ ಸರಿ ಹೊರಡೋದೇ ಇಲ್ಲ, ಹನ್ನೊಂದೂವರೆ ಒಳಗೆ ಬೋಟ್ ಕಟ್ಟಿಹಾಕಿರ್ಬೇಕು, ಲೈಫ್ ಜಾಕೆಟ್ ಎಲ್ಲರಿಗೂ, ಈ ಮೂರಕ್ಕೂ ಮನೇಲಿ ಮೊದಲೇ ಒಪ್ಪಿಗೆ ತಗೊಂಡಿದ್ದೆ. ಕ್ಯಾಲಿಫೋರ್ನಿಯಾದಲ್ಲಿ ಇಂಥ ಬೋಟಲ್ಲಿ ಅದನ್ನ ತೊಟ್ಟೇ ಇರ್ಬೇಕು ಅನ್ನೋದು ಹದಿಮೂರು ವರ್ಷದೊಳಗಿನ ಮಕ್ಕಳಿಗೆ ಮಾತ್ರ ಕಡ್ಡಾಯ, ಆದ್ರೆ ಈ ನೀರು ಬೇಸಿಗೇಲೂ ತಣ್ಣಗೆ ಕೊರೆಯುತ್ತೆ, ದಿಢೀರ್ ಬಿದ್ರೆ ಈಜು ಬರೋರಿಗೂ ಉಸಿರು ಕಟ್ಟುತ್ತೆ. ಅತ್ತೆಗೆ ಮೊದಲೇ ಹೇಳಿದ್ದೆ, ‘ಸೀರೆ ಬೇಡ ಅತ್ತೆ, ಚೂಡಿದಾರ್ ಹಾಕ್ಕೊಳಿ, ಜಾಕೆಟ್ ಸರಿಯಾಗಿ ಕೂರಲ್ಲ’ ಅಂತ. ಒಪ್ಪಿದ್ರು.

ದಿನ ಆರಿಸೋದೇ ಅರ್ಧ ಕೆಲಸ. ಆಗಸ್ಟ್ ಮೊದಲ ವಾರ, ಮಂಗಳವಾರ. ನಮ್ಮ ಕಡೆ ಸ್ಕೂಲ್ ಶುರುವಾಗೋ ಮುಂಚೆ, ನೀರು ಸ್ವಲ್ಪ ಕಾದಿರೋ ಹೊತ್ತು. ಎಲ್ಲಾ ಆಫೀಸಲ್ಲೂ ಒಂದು ದಿನ ರಜೆ ಹಾಕ್ಸಿದ್ದೇ ದೊಡ್ಡ ಸಾಹಸ. ಆಗಸ್ಟಲ್ಲಿ ಕಾಡ್ಗಿಚ್ಚಿನ ಹೊಗೆ ಒಂದು ಕಣ್ಣಲ್ಲಿ ನೋಡ್ಕೊಳ್ಬೇಕು, 2021ರ ಕ್ಯಾಲ್ಡರ್ ಕಾಡ್ಗಿಚ್ಚಲ್ಲಿ ಸೌತ್ ಲೇಕ್ ತಾಹೋ ಊರನ್ನೇ ಖಾಲಿ ಮಾಡ್ಸಿದ್ರು, 50ರಲ್ಲಿ ಹೋಗೋವಾಗ ಕೈಬರ್ಜ್ ಹತ್ರ ಸುಟ್ಟ ಮರಗಳು ಈಗ್ಲೂ ನಿಂತಿವೆ.

ಮರೀನಾ ಯಾವುದು ಅಂತ ಕೇಳ್ಬೇಡಿ, ಸೌತ್ ಶೋರ್, ಅಂದ್ರೆ ದಕ್ಷಿಣ ದಡ ಅಂತಷ್ಟೇ ಹೇಳ್ತೀನಿ. ಯಾವ ದಿನ ಫೋನ್ ಮಾಡಿದ್ರೆ ವೆಬ್‌ಸೈಟಲ್ಲಿ ಇಲ್ಲದ ಬೆಳಗಿನ ಸ್ಲಾಟ್ ಸಿಗುತ್ತೆ ಅನ್ನೋದೂ ನನ್ನ ಹತ್ರಾನೇ ಇರ್ಲಿ, ಮುಂದಿನ ವರ್ಷ ನನಗೇ ಬೇಕು. ಫೋನಲ್ಲೇ ಮಾತಾಡಿ ಅಂತ ಮಾತ್ರ ಹೇಳಬಲ್ಲೆ, ಆನ್‌ಲೈನಲ್ಲಿ ಸೋಲ್ಡ್ ಔಟ್ ಅಂತ ತೋರಿಸಿದ್ರೂ ಸರಿ.

ಬೋಟ್ ಓಡಿಸಿದ್ದು ನಾನೇ. 2025ರಿಂದ ಕ್ಯಾಲಿಫೋರ್ನಿಯಾದಲ್ಲಿ ಮೋಟಾರ್ ಬೋಟ್ ಓಡಿಸೋ ಎಲ್ಲರಿಗೂ ಬೋಟರ್ ಕಾರ್ಡ್ ಬೇಕು, ಬಾಡಿಗೆ ಬೋಟಿಗೆ ವಿನಾಯಿತಿ ಇದೆ, ಆದ್ರೂ ನಾನು ಪರೀಕ್ಷೆ ಬರೆದು ತಗೊಂಡೆ, ಕಾರ್ಡಿಗೆ ಹತ್ತು ಡಾಲರ್, ಜೀವಮಾನ ಪೂರ್ತಿ ನಡೆಯುತ್ತೆ. ಮಾವ ಕೌಂಟರಲ್ಲಿ ಕಾರ್ಡ್ ನೋಡಿ ‘ಏನಮ್ಮಾ, ಇದನ್ನ ನೀನೇ ಓಡಿಸ್ತೀಯಾ?’ ಅಂದ್ರು. ಅವರು ಸಾಗರದವರು, ‘ನಮ್ಮ ಸಿಗಂದೂರು ಲಾಂಚಲ್ಲಿ ಬಸ್ಸೇ ಹತ್ತುತ್ತಿತ್ತು, ಇದ್ಯಾವ ಲೆಕ್ಕ ಬಿಡು’ ಅಂತ ಅವರೇ ಧೈರ್ಯಾನೂ ಹೇಳಿದ್ರು. ಅಲ್ಲಿ ಸೇತುವೆ ಉದ್ಘಾಟನೆ ಆಗಿ ಇನ್ನೂ ತಿಂಗಳೂ ಆಗಿರ್ಲಿಲ್ಲ, ದಾರಿ ಉದ್ದಕ್ಕೂ ಅದೇ ಮಾತು.

ದಾರಿ ಕತೆ ಅಂದ್ರೆ, ಬೆಳಗಿನ ಜಾವ ಮೂರೂಕಾಲಿಗೆ ಹೊರಟ್ವಿ, ಎರಡು ಕಾರು, ಸಿಯೆನ್ನಾ ಒಂದು ಕ್ಯಾಮ್ರಿ ಒಂದು. ಅಷ್ಟೊತ್ತಲ್ಲಿ ಸ್ಯಾಕ್ರಮೆಂಟೋ ದಾಟೋದು ಗೊತ್ತೇ ಆಗಲ್ಲ. ಪ್ಲಾಸರ್‌ವಿಲ್ಲಲ್ಲಿ ಒಂದೇ ಸ್ಟಾಪ್, ಟಾಯ್ಲೆಟ್ಟು ಮತ್ತು ಫ್ಲಾಸ್ಕ್ ಕಾಫಿ. ಡಿಕಾಕ್ಷನ್ ಬೇರೆ ಹಾಲು ಬೇರೆ ತಗೊಂಡು ಹೋಗಿ, ಒಟ್ಟಿಗೆ ಬೆರೆಸಿಟ್ರೆ ಅಲ್ಲಿಗೆ ಹೋಗೋ ಹೊತ್ತಿಗೆ ರುಚಿ ಕೆಟ್ಟಿರುತ್ತೆ. ಬೆಟ್ಟ ದಾಟೋ ಎಕೋ ಸಮ್ಮಿಟ್ ಘಾಟಿ 7,380 ಅಡಿ ಎತ್ತರ ಇದೆ, ಆ ತಿರುವುಗಳಲ್ಲಿ ಅತ್ತೆಗೆ ಪ್ರತಿ ಸಲ ವಾಂತಿ ಆಗ್ತಿತ್ತು. ಈ ಸಲ ಮುಂದಿನ ಸೀಟು, ಹೊಟ್ಟೆಗೆ ಎರಡು ಬಿಸ್ಕೆಟ್ ಬಿಟ್ರೆ ಏನಿಲ್ಲ, ಬಾಯಲ್ಲಿ ಉಪ್ಪು ಹಚ್ಚಿದ ಒಣಶುಂಠಿ ಚೂರು. ಏನೂ ಆಗ್ಲಿಲ್ಲ. ಚಿತ್ರಾನ್ನ ತೆಗೆದಿದ್ದು ಸೌತ್ ಲೇಕ್ ಮುಟ್ಟಿದ ಮೇಲೇನೇ, ಏಳೂವರೆ ಆಗಿತ್ತು.

ಎಂಟೂವರೆಗೆ ಬೋಟ್ ಕೈಗೆ ಬಂತು. ಮೂರು ಗಂಟೆ ಹೊತ್ತಿಗೆ ಮಾತ್ರ ತಗೊಂಡೆ, ನಾಲ್ಕು ಗಂಟೆ ಹೊತ್ತಿಗೆ ತಗೊಳ್ರೀ ಅಂತ ಅವರು ತುಂಬಾ ಹೇಳಿದ್ರು. ಪಾಂಟೂನಲ್ಲಿ ಟಾಯ್ಲೆಟ್ ಇರಲ್ಲ, ಮಾವನಿಗೆ ಶುಗರ್ ಇದೆ, ಮೂರು ಗಂಟೆ ಮೇಲೆ ಕೂರ್ಸೋದು ತಪ್ಪು. ಬುಕಿಂಗ್ ಮಾಡೋವಾಗ ಇದನ್ನ ಯಾರೂ ಯೋಚ್ನೆ ಮಾಡಲ್ಲ, ಆಮೇಲೆ ನಡುನೀರಲ್ಲಿ ಒದ್ದಾಡ್ತಾರೆ.

ದಡದಿಂದ ಆರುನೂರು ಅಡಿ ಒಳಗೆ ಗಂಟೆಗೆ ಐದು ಮೈಲಿ ಮೀರೋ ಹಾಗಿಲ್ಲ, ಅದು ದಾಟಿದ ಮೇಲೆ ಥ್ರಾಟಲ್ ಕೊಟ್ಟೆ. ಹತ್ತು ಜನ ತುಂಬಿದ ಪಾಂಟೂನ್ ಹದಿನೈದು ಮೈಲಿ ಸ್ಪೀಡ್ ಬಂದ್ರೆ ಹೆಚ್ಚು. ಎಮರಾಲ್ಡ್ ಬೇ ಒಳಗೆ ಹೋಗೋವಾಗ ನಮ್ಮ ಮುಂದೆ ಎರಡೇ ಕಯಾಕ್, ಅಂದ್ರೆ ಹುಟ್ಟು ಹಾಕೋ ಸಣ್ಣ ದೋಣಿ, ಟೂರ್ ಬೋಟ್ ಇನ್ನೂ ಬಂದಿರ್ಲಿಲ್ಲ. ಇಡೀ ತಾಹೋದಲ್ಲಿರೋದು ಒಂದೇ ದ್ವೀಪ, ಫ್ಯಾನೆಟ್, ಅದರ ನೆತ್ತಿ ಮೇಲೆ ಕಲ್ಲಿನ ಟೀ ಹೌಸ್ ಗೋಡೆ. ದಡದಲ್ಲಿ ವೈಕಿಂಗ್ಸ್‌ಹೋಮ್ ಅರಮನೆ ಕಟ್ಟಿಸಿದ ಲೋರಾ ನೈಟ್ ಅನ್ನೋ ಹೆಂಗಸೇ 1929ರ ಹೊತ್ತಿಗೆ ಅದನ್ನೂ ಕಟ್ಟಿಸಿದ್ದು, ಟೀ ಕುಡಿಯೋಕೆ ಬೋಟಲ್ಲಿ ಹೋಗ್ತಿದ್ರಂತೆ. ನಾವೂ ಇಂಜಿನ್ ಆಫ್ ಮಾಡಿ ಅಲ್ಲೇ ಎರಡನೇ ರೌಂಡ್ ಕಾಫಿ ಕುಡಿದ್ವಿ. ದ್ವೀಪಕ್ಕೆ ಇಳೀಬೇಕು ಅನ್ನೋರಿಗೆ ಒಂದು ಮಾತು, ಫೆಬ್ರವರಿ 1ರಿಂದ ಜೂನ್ 15ರ ತನಕ ಅಲ್ಲಿ ಕೆನಡಾ ಹೆಬ್ಬಾತುಗಳು ಗೂಡು ಕಟ್ತವೆ, ಆಗ ಬಿಡಲ್ಲ.

ಈಗ ನನ್ನ ಸ್ವಂತ ಪ್ರಯೋಗ. ತಾಹೋ ನೀರು ಎಷ್ಟು ತಿಳಿ ಅಂತ ಯುಸಿ ಡೇವಿಸ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 1968ರಿಂದ ಅಳೀತಿದಾರೆ, ಊಟದ ತಟ್ಟೆ ಅಗಲದ ಬಿಳಿ ಬಿಲ್ಲೆ ನೀರಿಗೆ ಇಳಿಸೋದು, ಕಣ್ಣಿಂದ ಮರೆಯಾಗೋ ಆಳ ಬರ್ಕೊಳೋದು. ಆಗ ಸರಾಸರಿ ನೂರೆರಡು ಅಡಿ ಇತ್ತು, 2024ರಲ್ಲಿ ಅರವತ್ತೆರಡಕ್ಕೆ ಬಂದಿತ್ತು. ನಾವೂ ಯಾಕೆ ಮಾಡಬಾರದು ಅಂತ ಮನೇಲಿದ್ದ ಬಿಳಿ ಮೆಲಮೈನ್ ತಟ್ಟೆಗೆ ಮೂರು ತೂತು ಕೊರೆದು, ಕೆಳಗೆ ಐದು ಪೌಂಡಿನ ಡಂಬೆಲ್ ಪ್ಲೇಟ್ ಕಟ್ಟಿ, ಹಗ್ಗಕ್ಕೆ ಹತ್ತತ್ತು ಅಡಿಗೆ ಅತ್ತೆಯ ಕೆಂಪು ಉಲ್ಲನ್ ದಾರದ ಗಂಟು ಹಾಕಿದ್ದೆ. ಬೇಯಿಂದ ಹೊರಗೆ ಬಂದು ಆಳದ ನೀರಲ್ಲಿ ನಿಲ್ಲಿಸಿ ಬೋಟಿನ ನೆರಳಿನ ಕಡೆಯಿಂದ ಬಿಟ್ವಿ, ಬಿಸಿಲು ಕಡೆ ಬಿಟ್ರೆ ಹೊಳಪಲ್ಲಿ ಏನೂ ಕಾಣಲ್ಲ. ಇಪ್ಪತ್ತು ಅಡೀಲಿ ತಟ್ಟೆ ಅಂಚು ಸಮೇತ ಕಾಣ್ತಿತ್ತು. ನಲವತ್ತಕ್ಕೆ ಹಸಿರು ತಿರುಗಿತು. ಐದನೇ ಗಂಟು ದಾಟಿ ಸ್ವಲ್ಪ ಇಳಿದ ಮೇಲೆ ಮಗ ಇದೆ ಅಂತಾನೆ ಮಗಳು ಇಲ್ಲ ಅಂತಾಳೆ, ಐವತ್ತೈದು ಅಂತ ಬರ್ಕೊಂಡ್ವಿ. ಬೋಟ್ ನಿಧಾನಕ್ಕೆ ತೇಲ್ತಿರುತ್ತಲ್ಲ, ಹಗ್ಗ ಓರೆ ಆಗುತ್ತೆ, ಅದಕ್ಕೇ ಪಕ್ಕಾ ಲೆಕ್ಕ ಅಲ್ಲ. ಮೇಲೆ ಎಳ್ಕೊಂಡಾಗ ಮಾವ ಆ ತಟ್ಟೆ ಮುಟ್ಟಿ ‘ಫ್ರಿಜ್ಜಿಂದ ತೆಗೆದಂಗಿದೆ ಕಣಮ್ಮಾ’ ಅಂದ್ರು. ಈ ಮೂರು ಗಂಟೇಲಿ ಮಕ್ಕಳು ಫೋನ್ ಕೇಳ್ದೆ ಇದ್ದಿದ್ದು ಇದರಿಂದಾನೇ.

ಗಾಳಿ ತುಂಬೋ ಕಯಾಕೂ ಒಯ್ದಿದ್ವಿ. ಇದಕ್ಕೆ ತಯಾರಿ ಬೇಕು. 2024ರ ಅಕ್ಟೋಬರಲ್ಲಿ ಸ್ಯಾಕ್ರಮೆಂಟೋ ನದಿಯ ಡೆಲ್ಟಾ ಕಡೆ ಗೋಲ್ಡನ್ ಮಸಲ್ ಅನ್ನೋ, ಬೋಟಿಗೆ ಅಂಟ್ಕೊಂಡು ಹರಡೋ ಹೊರಗಿನ ಚಿಪ್ಪುಜೀವಿ ಸಿಕ್ಕಿದಾಗಿಂದ ತಾಹೋದಲ್ಲಿ ಬೋಟ್ ತಪಾಸಣೆ ತುಂಬಾ ಬಿಗಿ. ಕಯಾಕ್ ಬೇರೆ ಕಡೆ ಇಳಿಸಿದ್ರೆ ತೊಳೆದು, ನೀರು ಬಸಿದು, ಪೂರ್ತಿ ಒಣಗಿಸಿ ತರ್ಬೇಕು. ನಾನು ವಾರ ಮುಂಚೆ ಬ್ಯಾಕ್‌ಯಾರ್ಡಲ್ಲಿ ಬಿಸಿಲಿಗೆ ಹಾಕಿದ್ದೆ, ಮಡಿಕೇಲಿ ಕೂಡ ಒಂದು ಹನಿ ಇರ್ಬಾರ್ದು.

ಹನ್ನೊಂದು ಇಪ್ಪತ್ತಕ್ಕೆ ಡಾಕ್, ಅಂದ್ರೆ ಬೋಟ್ ಕಟ್ಟೋ ಕಟ್ಟೆ ಹತ್ರ. ಮರೀನಾ ಒಳಗೆ ಪಾಂಟೂನ್ ನಿಲ್ಲಿಸೋದೇ ಎಲ್ಲರಿಗೂ ಭಯ, ಅದು ಚಪ್ಪಟೆ, ಪಕ್ಕದಿಂದ ಸ್ವಲ್ಪ ಗಾಳಿ ಬಂದ್ರೂ ಜಾರ್ಕೊಂಡು ಹೋಗುತ್ತೆ. ಗಾಳಿಗೆ ಎದುರು ಮುಖ ಮಾಡಿ, ಸ್ವಲ್ಪ ಗೇರ್ ಹಾಕೋದು ನ್ಯೂಟ್ರಲ್ ಮಾಡೋದು, ಹಾಕೋದು ಬಿಡೋದು, ಅಷ್ಟೇ. ಡಾಕ್ ಹುಡುಗ ಹಗ್ಗ ಹಿಡ್ಕೊಂಡು ‘ನೈಸ್’ ಅಂದ. ಡೆಪಾಸಿಟ್ ಪೂರ್ತಿ ವಾಪಸ್ ಬಂತು.

ಊಟ ದಡದ ಪಿಕ್‌ನಿಕ್ ಟೇಬಲ್ಲಲ್ಲಿ. ಅಲ್ಲಿ ಅಡುಗೆ ಮಾಡೋಕೆ ಹೋಗ್ಬೇಡಿ. ಕ್ಯಾಬಿನ್ ಕಾಲದಲ್ಲೇ ನೋಡಿದೀನಿ, 6,225 ಅಡಿ ಎತ್ತರದಲ್ಲಿ ನೀರು ತೊಂಬತ್ಮೂರು ತೊಂಬತ್ನಾಲ್ಕು ಡಿಗ್ರಿಗೇ ಕುದಿಯುತ್ತೆ, ತೆರೆದ ಪಾತ್ರೇಲಿ ತೊಗರಿಬೇಳೆ ಒಂದೂವರೆ ಗಂಟೆ ಕುದ್ರೂ ಬೇಯ್ಲಿಲ್ಲ, ಕುಕ್ಕರ್ ಇಲ್ದೆ ಹುಳಿ ಮರೆತುಬಿಡಿ. ನಮ್ಮದು ಮೊಸರನ್ನ: ಹಿಂದಿನ ರಾತ್ರಿ ಮೆತ್ತಗಿನ ಅನ್ನಕ್ಕೆ ಹಾಲು ಜಾಸ್ತಿ, ಮೊಸರು ಎರಡೇ ಚಮಚ, ಮಧ್ಯಾಹ್ನಕ್ಕೆ ಸರಿಯಾಗಿ ಹೆಪ್ಪಾಗಿರುತ್ತೆ, ಹುಳಿ ಬರಲ್ಲ. ಜೊತೆಗೆ ಕೋಡುಬಳೆ, ಮಾವಿನ ಮಿಡಿ. ಮಿಕ್ಕಿದ್ದನ್ನ ಕಾರಲ್ಲಿ ಬಿಡ್ಬೇಡಿ, ಕರಡಿ ಕಾರಿನ ಬಾಗಿಲು ತೆಗೆಯೋದು ಕಲ್ತಿವೆ ಅಲ್ಲಿ.

ಆಮೇಲೆ ಮಕ್ಕಳು ದಡದಲ್ಲಿ ಆಡಿದ್ರು, ಹಿರಿಯರು ಪೈನ್ ಮರದ ನೆರಳಲ್ಲಿ ಒಂದು ಗಂಟೆ ನಿದ್ದೆ ಹೊಡೆದ್ರು. ಒಂದೂವರೆ ಹೊತ್ತಿಗೆ ನಡುನೀರಲ್ಲಿ ಬಿಳಿ ನೊರೆ ಏಳೋದು ದಡದಿಂದಾನೇ ಕಾಣ್ತಿತ್ತು, ನಮ್ಮನೆಯವರು ನನ್ನ ಮುಖ ನೋಡಿದ್ರು, ನಾನೇನೂ ಹೇಳ್ಲಿಲ್ಲ.

ಖರ್ಚು ನೆನಪಿದ್ದಷ್ಟು: ಬೋಟ್ ಮೂರು ಗಂಟೆಗೆ ಐನೂರ ಐವತ್ತರ ಹತ್ರ, ಬೋಟ್ ಗ್ಯಾಸ್ ಅರವತ್ತೋ ಎಪ್ಪತ್ತೋ, ಎರಡು ಕಾರಿಗೆ ನೂರೈವತ್ತು, ಪಾರ್ಕಿಂಗು ಐಸ್‌ಕ್ರೀಮು ಸೇರಿ ಇನ್ನೊಂದು ಐವತ್ತು. ತಲೆಗೆ ಎಂಬತ್ತು ಚಿಲ್ಲರೆ.

ವಾಪಸ್ ಹೊರಟಿದ್ದು ಮೂರಕ್ಕೆ. ಸ್ಯಾಕ್ರಮೆಂಟೋ ಆಫೀಸ್ ಟ್ರಾಫಿಕ್ ಸಿಗುತ್ತೆ, ಅದಕ್ಕೆ ಫೋಲ್ಸಮ್ಮಲ್ಲಿ ಒಂದು ಗಂಟೆ ನಿಲ್ಲಿಸಿ ಊಟ ಮುಗಿಸ್ಕೊಂಡ್ವಿ, ಎಂಟೂವರೆಗೆ ಮನೆ. ಒಂದು ಕಾರಿಗೆ ಇಬ್ಬರು ಡ್ರೈವರ್ ಇಲ್ದೆ ಇದನ್ನ ಮಾಡ್ಲೇಬೇಡಿ, ಬೆಳಗ್ಗೆ ಓಡಿಸಿದವರು ವಾಪಸ್ ಓಡಿಸೋ ಹಾಗಿಲ್ಲ, ಅವರು ಮಧ್ಯಾಹ್ನ ಮಲಗ್ಲೇಬೇಕು. ಆಗಲ್ಲ ಅಂದಿದ್ದವರಲ್ಲಿ ಮೂರು ಮನೆಯವರು ಈಗ ಮುಂದಿನ ಬೇಸಿಗೆಗೆ ನಮ್ಮ ಜೊತೆ ಬರ್ತೀವಿ ಅಂತ ಹೆಸರು ಕೊಟ್ಟಿದಾರೆ, ಎರಡು ಪಾಂಟೂನ್ ಬೇಕಾಗುತ್ತೆ, ಒಂದನ್ನ ನಾನು ಓಡಿಸ್ತೀನಿ, ಇನ್ನೊಂದಕ್ಕೆ ಬೋಟರ್ ಕಾರ್ಡ್ ತಗೊಂಡಿರೋರು ಯಾರಾದ್ರೂ ಇದ್ರೆ ಈಗ್ಲೇ ಹೇಳಿ.