ಎಂಎಸ್ಸಿ ಎಂಎಲ್‌ಟಿ ಡಿಸರ್ಟೇಶನ್: ಬೂದು ಮುಚ್ಚಳದ ಟ್ಯೂಬಿನ ನಾಲ್ಕು ಗಂಟೆ (ನನ್ನ ಅನುಭವ)

ಎಂಎಸ್ಸಿ ಎಂಎಲ್‌ಟಿಯ (ವೈದ್ಯಕೀಯ ಲ್ಯಾಬ್ ತಂತ್ರಜ್ಞಾನ) ಎರಡನೆಯ ವರ್ಷ ಹೆಚ್ಚುಕಡಿಮೆ ಡಿಸರ್ಟೇಶನ್ನಿಗೇ, ಅಂದರೆ ಸ್ವಂತ ಅಧ್ಯಯನದ ಪ್ರಬಂಧಕ್ಕೇ, ಹೋಗುತ್ತದೆ. ಟೆಸ್ಟು ಮಾಡುವುದನ್ನು ಬಿಎಸ್ಸಿಯಲ್ಲೇ ಕಲಿತಿರುತ್ತೇವೆ. ಇಲ್ಲಿ ಕಲಿಯಬೇಕಾದದ್ದು, ಮಷೀನು ಕೊಟ್ಟ ಅಂಕಿಯನ್ನು ಯಾಕೆ ನಂಬಬಹುದು, ಯಾವಾಗ ನಂಬಬಾರದು ಅನ್ನುವುದನ್ನು. ನಾನು ಕ್ಲಿನಿಕಲ್ ಬಯೋಕೆಮಿಸ್ಟ್ರಿ ವಿಭಾಗದಲ್ಲಿ ಓದಿದ್ದು. ಮೈಕ್ರೋಬಯಾಲಜಿ, ಹೆಮಟಾಲಜಿ ತೆಗೆದುಕೊಂಡವರಿಗೂ ಕೆಲಸದ ಕ್ರಮ ಬಹುಪಾಲು ಇದೇ.

ವಿಷಯ ಹುಡುಕುವಾಗ ಎಲ್ಲರ ಕಣ್ಣೂ ಹೊಸ ಮಾರ್ಕರ್ (ರೋಗ ಸೂಚಿಸುವ ವಸ್ತು) ಮೇಲೆ, ಅದನ್ನು ಅಳೆಯುವ ಎಲೈಸಾ ಕಿಟ್ ಮೇಲೆ ಹೋಗುತ್ತದೆ. ಮೊದಲು ಆ ಕಿಟ್ಟಿನ ಪ್ಲೇಟಿನ ಲೆಕ್ಕ ಹಾಕಿ. ಅದರ 96 ಬಾವಿಗಳಲ್ಲಿ (ಸಣ್ಣ ಗುಳಿಗಳಲ್ಲಿ) ಬ್ಲ್ಯಾಂಕ್ (ಸ್ಯಾಂಪಲ್ ಇಲ್ಲದ್ದು) ಮತ್ತು ಪ್ರಮಾಣ ಗೊತ್ತಿರುವ ಸ್ಟ್ಯಾಂಡರ್ಡುಗಳನ್ನು ಎರಡೆರಡು ಸಲ ಹಾಕಿದರೆ 16 ಹೋಯಿತು. ಉಳಿದ 80ರಲ್ಲಿ ಪ್ರತಿ ಸ್ಯಾಂಪಲ್ ಎರಡು ಸಲ ಅಂದರೆ 40 ಜನ. 40 ರೋಗಿಗಳು, 40 ಆರೋಗ್ಯವಂತರು ಬೇಕೆಂದರೆ ಎರಡು ಕಿಟ್, ಅದೂ ಒಂದೇ ಲಾಟಿನವು (ಒಂದೇ ಸಲ ತಯಾರಾದವು) ಸಿಗಬೇಕು. ಅಷ್ಟು ಜನ ಸಿಗುವವರೆಗೆ ಸೀರಮ್ ಫ್ರೀಜರಿನಲ್ಲಿ ತಿಂಗಳುಗಟ್ಟಲೆ ಇರಬೇಕು. ಹಿಮ ಕಟ್ಟದ ಫ್ರೀಜರ್ ತನ್ನಷ್ಟಕ್ಕೆ ಬಿಸಿಯಾಗಿ ಹಿಮ ಕರಗಿಸಿಕೊಳ್ಳುತ್ತಿರುತ್ತದೆ, ಒಳಗಿನ ಸ್ಯಾಂಪಲ್‌ಗೂ ಆ ಏರಿಳಿತ ತಟ್ಟುತ್ತದೆ. ಹಣವೂ ಸಮಯವೂ ಕಡಿಮೆ ಇರುವವರು ಲ್ಯಾಬಿನಲ್ಲಿ ದಿನಾ ಓಡುವ ಟೆಸ್ಟಿನ ಬಗ್ಗೆಯೇ ಒಂದು ಗಟ್ಟಿ ಪ್ರಶ್ನೆ ಕೇಳುವುದು ಒಳ್ಳೆಯದು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ನಾನು ಹಿಡಿದದ್ದು ಗ್ಲೂಕೋಸ್. ತಾಲ್ಲೂಕಿನ ಕಲೆಕ್ಷನ್ ಸೆಂಟರಿನಲ್ಲಿ ಬೆಳಿಗ್ಗೆ ತೆಗೆದ ರಕ್ತ ಜಿಲ್ಲಾ ಕೇಂದ್ರದ ಲ್ಯಾಬಿಗೆ ಬರುವಾಗ ಮಧ್ಯಾಹ್ನ ಆಗಿರುತ್ತದೆ. ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬಿನಲ್ಲಿ ತೆಗೆದಿದ್ದರೆ ಚಿಂತೆಯಿಲ್ಲ ಎಂದು ಎಲ್ಲರೂ ನಂಬಿದ್ದಾರೆ. ಈ ನಂಬಿಕೆ ಅರ್ಧ ಮಾತ್ರ ಸರಿ. ಏನೂ ಸೇರಿಸದ ರಕ್ತವನ್ನು ಹಾಗೇ ಇಟ್ಟರೆ ಕಣಗಳು ಗಂಟೆಗೆ ಸುಮಾರು 5ರಿಂದ 7 ಶೇಕಡಾ ಗ್ಲೂಕೋಸ್ ತಿಂದುಹಾಕುತ್ತವೆ. ಫ್ಲೋರೈಡ್ ತಡೆಯುವುದು ಎನೊಲೇಸ್ ಕಿಣ್ವವನ್ನು; ಅದು ಗ್ಲೂಕೋಸ್ ಒಡೆಯುವ ಗ್ಲೈಕಾಲಿಸಿಸ್ ಸರಪಳಿಯ ಕೊನೆಯ ಕಡೆ ಇದೆ. ಸರಪಳಿಯ ಶುರುವಿನ ಹೆಕ್ಸೊಕೈನೇಸ್ ಕಿಣ್ವ ಮೊದಲ ಒಂದೆರಡು ಗಂಟೆ ಕೆಲಸ ಮುಂದುವರಿಸುತ್ತಲೇ ಇರುತ್ತದೆ. ಹಾಗಾಗಿ ಬೂದು ಟ್ಯೂಬಿನಲ್ಲೂ ಗ್ಲೂಕೋಸ್ ಇಳಿದು, ಆಮೇಲೆ ನಿಲ್ಲುತ್ತದೆ. ನಮ್ಮ ಲ್ಯಾಬಿನ ಉಷ್ಣಾಂಶದಲ್ಲಿ, ನಮ್ಮ ಟ್ಯೂಬಿನಲ್ಲಿ, ಎಷ್ಟು ಇಳಿಯುತ್ತದೆ, ಯಾವಾಗ ನಿಲ್ಲುತ್ತದೆ? ಡಿಸರ್ಟೇಶನ್ನಿಗೆ ಇಷ್ಟು ಪ್ರಶ್ನೆ ಸಾಕು.

ಸಿನಾಪ್ಸಿಸ್ಸಿನಲ್ಲಿ (ಮುಂಚೆಯೇ ಕೊಡುವ ಯೋಜನೆಯಲ್ಲಿ) ಅಧ್ಯಯನದ ಅಗತ್ಯ, ಹಿಂದೆ ಆಗಿರುವ ಕೆಲಸ, ಉದ್ದೇಶ, ಸಾಮಗ್ರಿ ಮತ್ತು ವಿಧಾನ ಬರೆಯಬೇಕು. ಹೆಚ್ಚಿನವು ವಾಪಸ್ ಬರುವುದು ಎಷ್ಟು ಜನ ಬೇಕು ಅನ್ನುವ ಸ್ಯಾಂಪಲ್ ಸೈಜಿನ ಸಾಲಿನಿಂದ. ಒಬ್ಬರದೇ ರಕ್ತವನ್ನು ಬೇರೆ ಬೇರೆ ಹೊತ್ತಿಗೆ ಅಳೆದು ಹೋಲಿಸುವಾಗ ಸಂಖ್ಯಾಶಾಸ್ತ್ರದ ಸ್ಥಿರಾಂಕಗಳಾದ 1.96 ಮತ್ತು 0.84ರ ಮೊತ್ತದ ವರ್ಗ, ಅಂದರೆ 7.84, ಅದನ್ನು ವ್ಯತ್ಯಾಸದ ಎಸ್‌ಡಿಯ (ಚದುರುವಿಕೆಯ ಅಳತೆ) ವರ್ಗದಿಂದ ಗುಣಿಸಿ, ಹಿಡಿಯಬೇಕೆಂದಿರುವ ವ್ಯತ್ಯಾಸದ ವರ್ಗದಿಂದ ಭಾಗಿಸಬೇಕು. ಎಸ್‌ಡಿ 6, ಹಿಡಿಯಬೇಕಾದ ವ್ಯತ್ಯಾಸ ಡೆಸಿಲೀಟರಿಗೆ 3 ಮಿ.ಗ್ರಾಂ ಅಂದರೆ 31.4, ಅಂದರೆ 32 ಜನ. ಹೀಮೊಲೈಸ್ ಆಗಿ (ಕೆಂಪುಕಣ ಒಡೆದು) ಬಿಡಬೇಕಾಗುವವು ಇರುತ್ತವೆ, ಅದಕ್ಕಾಗಿ 20 ಶೇಕಡಾ ಹೆಚ್ಚಿಸಿ, ಬಂದ 38.4ನ್ನು ದುಂಡು ಮಾಡಿ 40 ಎಂದು ಬರೆದೆ. ಎಸ್‌ಡಿಯನ್ನು ಈಗಾಗಲೇ ಪ್ರಕಟವಾದ ಅಧ್ಯಯನದಿಂದ ತೆಗೆದುಕೊಳ್ಳಿ. ಪೈಲಟ್ (ಸಣ್ಣ ಪೂರ್ವಪ್ರಯೋಗ) ಮಾಡಿ ಕಂಡುಕೊಳ್ಳುತ್ತೇನೆ ಎಂದರೆ ಆ ಪೈಲಟ್ಟಿಗೂ ಎಥಿಕ್ಸ್ ಕಮಿಟಿಯ ಅನುಮತಿ ಬೇಕು. ಅನುಮತಿಗಿಂತ ಮುಂಚಿನ ಒಂದು ಟ್ಯೂಬನ್ನೂ ಲೆಕ್ಕಕ್ಕೆ ಸೇರಿಸುವಂತಿಲ್ಲ.

ಕಮಿಟಿ ನೋಡುವುದು ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ. ಜೂನಿಯರುಗಳಿಂದಲೇ ರಕ್ತ ತೆಗೆಯುತ್ತೇನೆ ಎಂದು ಬರೆದರೆ ಪ್ರಶ್ನೆ ಬರುತ್ತದೆ, ಬರಬೇಕು ಕೂಡ, ಯಾಕೆಂದರೆ ಕೈಕೆಳಗಿನವರಿಗೆ ಬೇಡ ಅನ್ನುವುದು ಕಷ್ಟ. ಕೇಳುವ ಕೆಲಸವನ್ನು ಬೇರೆಯವರಿಗೆ ವಹಿಸಿದೆ, ಒಪ್ಪದಿದ್ದರೆ ಯಾವ ತೊಂದರೆಯೂ ಇಲ್ಲ ಎಂದು ಫಾರಂನಲ್ಲೇ ಹಾಕಿದೆ. ಒಪ್ಪಿಗೆ ಪತ್ರದ ಕನ್ನಡ ಓದುವವರ ಕನ್ನಡವಾಗಿರಲಿ. "ಸಿರೆಯ ರಕ್ತದ ಮಾದರಿ 5 ಮಿ.ಲೀ." ಅಂದರೆ ಹೆದರುವವರು, "ಒಂದು ಟೀ ಚಮಚದಷ್ಟು ರಕ್ತ" ಅಂದರೆ ತೋಳು ಚಾಚುತ್ತಾರೆ.

ರಕ್ತ ಮುಟ್ಟುವ ಮುಂಚೆ ಪಿಪೆಟ್ (ದ್ರವ ಅಳೆದು ಹಾಕುವ ಸಾಧನ) ನೋಡಬೇಕು. ಹುಡುಕುತ್ತಿರುವುದು 4-5 ಶೇಕಡಾ ವ್ಯತ್ಯಾಸ. ಪಿಪೆಟ್ಟೇ 3 ಶೇಕಡಾ ತಪ್ಪಿದರೆ ಕೆಲಸವೆಲ್ಲ ನೀರಿನಲ್ಲಿ ಹೋಮ. ಟೆಸ್ಟಿಗೆ ಬೇಕಾದದ್ದು 10 ಮೈಕ್ರೋಲೀಟರ್ ಪ್ಲಾಸ್ಮಾ (ಕಣ ಬೇರ್ಪಡಿಸಿದ ರಕ್ತದ ದ್ರವ), ಅಷ್ಟು ನೀರಿನ ತೂಕ ಸುಮಾರು 10 ಮಿ.ಗ್ರಾಂ. ಕಾಲೇಜಿನ ತಕ್ಕಡಿ 0.1 ಮಿ.ಗ್ರಾಂ ತನಕ ತೋರಿಸುವಂಥದ್ದಾದರೆ ಅದರಲ್ಲೇ 1 ಶೇಕಡಾ ಮಸುಕು. ಆದ್ದರಿಂದ ಒಂದೇ ಪಾತ್ರೆಗೆ ಹತ್ತು ಸಲ ಹಾಕಿ ಒಟ್ಟು 100 ಮಿ.ಗ್ರಾಂ ತೂಗಿದೆ. ಫ್ಯಾನ್ ಆಫ್ ಮಾಡಿ, ಬೇಗ ಮುಗಿಸಿ. ನೀರು ಆರುತ್ತಲೇ ಇರುತ್ತದೆ. ಆಮೇಲೆ ಎರಡು ಲೆವೆಲ್ ಕಂಟ್ರೋಲನ್ನು (ಗ್ಲೂಕೋಸ್ ಎಷ್ಟಿದೆಯೆಂದು ಗೊತ್ತಿರುವ ದ್ರವ) ಒಂದೇ ರನ್ನಿನಲ್ಲಿ 20 ಸಲ ಓಡಿಸಿ ಸಿವಿ, ಅಂದರೆ ಅಂಕಿಗಳು ಸರಾಸರಿಯ ಎಷ್ಟು ಶೇಕಡಾ ಚದುರುತ್ತವೆ ಅನ್ನುವುದನ್ನು, ತೆಗೆದೆ. ಅದು 2 ಶೇಕಡಾಕ್ಕಿಂತ ಕಡಿಮೆ ಬರುವ ತನಕ ಮುಂದಕ್ಕೆ ಹೋಗಲಿಲ್ಲ. ನನ್ನ ಕೈಯಲ್ಲಿ ಸಿವಿ ಹೆಚ್ಚು ಬರುತ್ತಿದ್ದದ್ದು ಟಿಪ್ಪಿನ ಹೊರಮೈಗೆ ಅಂಟಿದ ಹನಿಯಿಂದ. ಟಿಶ್ಯೂವಿನಿಂದ ಹೊರಗೋಡೆಯನ್ನಷ್ಟೇ, ತುದಿಯ ತೂತಿಗೆ ತಾಗದಂತೆ, ಮೇಲಿನಿಂದ ಕೆಳಕ್ಕೆ ಒರೆಸಿದ ಮೇಲೆ ಸರಿಹೋಯಿತು.

ರೀಏಜೆಂಟ್ ಲೆಕ್ಕವನ್ನೂ ಮೊದಲೇ ಹಾಕಿ. 40 ಜನ, ತಲಾ 4 ಪ್ಲಾಸ್ಮಾ (ಕೊನೆಗೆ ಉಳಿದ ಸೊನ್ನೆ, ಒಂದು, ಎರಡು, ನಾಲ್ಕು ಗಂಟೆಯವು), ಎರಡೆರಡು ಸಲ: 320 ಟೆಸ್ಟು. ಕಂಟ್ರೋಲ್, ಸ್ಟ್ಯಾಂಡರ್ಡ್, ಬ್ಲ್ಯಾಂಕ್, ಮೊದಲಿನ ಸಿವಿ ಪರೀಕ್ಷೆ ಸೇರಿದರೆ 430ರ ಹತ್ತಿರ. ಟೆಸ್ಟಿಗೆ 1 ಮಿ.ಲೀ., ಹಾಗಾಗಿ ಒಂದೇ ಲಾಟಿನ 500 ಮಿ.ಲೀ. ಒಟ್ಟಿಗೆ ತರಿಸಿದೆ.

ಒಬ್ಬರಿಂದ ತೆಗೆದದ್ದು 2 ಮಿ.ಲೀ.ಯ ಎರಡು ಬೂದು ಟ್ಯೂಬು. ಒಂದು ಕೂಡಲೇ ಐಸ್ ನೀರಿಗೆ, ಬರೀ ಐಸ್ ತುಂಡುಗಳ ಮೇಲಲ್ಲ. ತುಂಡಿಗೆ ತಾಗಿದ ಕಡೆ ರಕ್ತ ಮಂಜುಗಟ್ಟುವಷ್ಟು ತಣ್ಣಗಾಗಿ ಕಣ ಒಡೆದರೆ ಪ್ಲಾಸ್ಮಾ ಕೆಂಪಾಗುತ್ತದೆ. ಪುಡಿ ಮಾಡಿದ ಐಸಿಗೆ ನೀರು ಬೆರೆಸಿ ಅದರೊಳಗೆ ಟ್ಯೂಬನ್ನು ಮುಳುಗಿಸಬೇಕು. ಇದನ್ನು ಅರ್ಧ ಗಂಟೆಯೊಳಗೆ ಸೆಂಟ್ರಿಫ್ಯೂಜಿನಲ್ಲಿ ಸ್ಪಿನ್ ಮಾಡಿ ಕಣ ಬೇರ್ಪಡಿಸಿದರೆ ಅದೇ ಸೊನ್ನೆ ಹೊತ್ತಿನ ಅಂಕಿ. ಎರಡನೆಯದನ್ನು 8ರಿಂದ 10 ಸಲ ಮೆಲ್ಲಗೆ ತಿರುಗಿಸಿ, 0.5 ಮಿ.ಲೀ.ಯಂತೆ ಸಣ್ಣ ಟ್ಯೂಬುಗಳಿಗೆ ಹಂಚಿ ಬೆಂಚಿನ ಮೇಲೆ ಬಿಟ್ಟೆ.

ಈ ಹಂಚುವ ಕೆಲಸದಲ್ಲಿ ಎರಡು ತಪ್ಪು ಆದವು. ಅರ್ಧ, ಒಂದು, ಎರಡು, ನಾಲ್ಕು ಗಂಟೆಗೆ ಒಂದೊಂದು, ಒಟ್ಟು ನಾಲ್ಕು ಭಾಗ ಎಂದು ಯೋಜನೆ ಇತ್ತು. ನೀರಿನಲ್ಲಿ ಅಭ್ಯಾಸ ಮಾಡಿದಾಗ ನಾಲ್ಕೂ ಸರಿ ಬಂದವು. ರಕ್ತ ಗೋಡೆಗೂ ಮುಚ್ಚಳಕ್ಕೂ ಅಂಟುತ್ತದೆ, ನಾಲ್ಕನೆಯದು ಸಾಲಲಿಲ್ಲ. ಅರ್ಧ ಗಂಟೆಯದನ್ನು ಕೈಬಿಟ್ಟು ಕಮಿಟಿಗೆ ತಿದ್ದುಪಡಿ ಪತ್ರ ಕೊಡಬೇಕಾಯಿತು. ಎರಡನೆಯದು ಕಣ್ಣಿಗೆ ಕಾಣದ ತಪ್ಪು. ಟ್ಯೂಬು ಸುಮ್ಮನೆ ನಿಂತರೆ ಕಣಗಳು ತಳಕ್ಕೆ ಇಳಿಯತೊಡಗುತ್ತವೆ. ಮತ್ತೆ ತಿರುಗಿಸದೆ ಹಂಚಿದರೆ ತಳದಿಂದ ತೆಗೆದ ಭಾಗಕ್ಕೆ ಕಣ ಹೆಚ್ಚು ಬಿದ್ದು, ಗ್ಲೂಕೋಸ್ ಹೆಚ್ಚು ಖರ್ಚಾಗುತ್ತದೆ. ಪ್ರತಿ ಭಾಗ ತೆಗೆಯುವ ಮುಂಚೆಯೂ ತಿರುಗಿಸಲೇಬೇಕು.

ಬೆಳಗಿನ ವೇಳಾಪಟ್ಟಿಯನ್ನು ನಿರ್ಧರಿಸುವುದು ಸೆಂಟ್ರಿಫ್ಯೂಜ್. ಸ್ಪಿನ್ 10 ನಿಮಿಷ, ನಿಲ್ಲಲು ಒಂದೆರಡು ನಿಮಿಷ, ಹಾಗಾಗಿ ಇಬ್ಬರ ನಡುವೆ 15 ನಿಮಿಷ ಅಂತರ. 8:00, 8:15, 8:30, 8:45ಕ್ಕೆ ನಾಲ್ವರು. 9 ಗಂಟೆಗೆ ಮೊದಲಿನವರ ಒಂದು ಗಂಟೆಯ ಟ್ಯೂಬು ಸರದಿಗೆ ಬರುವುದರಿಂದ ಐದನೆಯವರಿಗೆ ಜಾಗವಿಲ್ಲ. ಕೊನೆಯ ಟ್ಯೂಬು 12:45ಕ್ಕೆ. ದಿನಕ್ಕೆ ನಾಲ್ವರಂತೆ ಹತ್ತು ಬೆಳಗು. ಬರೀ ಆರ್‌ಪಿಎಂ ಬರೆದರೆ ಪರೀಕ್ಷಕರು ಒಪ್ಪುವುದಿಲ್ಲ, ಜಿ ಬಲ (ಗುರುತ್ವದ ಎಷ್ಟು ಪಟ್ಟು ಅನ್ನುವುದು) ಬರೆಯಬೇಕು. ರೋಟರಿನ ತ್ರಿಜ್ಯ 15 ಸೆಂ.ಮೀ. ಇದ್ದರೆ 3000 ಆರ್‌ಪಿಎಂ ಅಂದರೆ ಸುಮಾರು 1500 ಜಿ. ಸಣ್ಣ ಟ್ಯೂಬು ತಿರುಗುವ ಮೈಕ್ರೋಫ್ಯೂಜಿನ ತ್ರಿಜ್ಯ ಬೇರೆ, ಅದನ್ನು ಅಳೆದೇ ಲೆಕ್ಕ ಹಾಕಿ.

ಕಣಗಳಿಂದ ಬೇರೆಯಾದ ಪ್ಲಾಸ್ಮಾದಲ್ಲಿ ಗ್ಲೂಕೋಸ್ ಸ್ಥಿರವಾಗಿರುತ್ತದೆ. ಅದರ ಲಾಭ ತೆಗೆದುಕೊಳ್ಳಬೇಕು: ಆಯಾ ಹೊತ್ತಿಗೆ ಬೇರ್ಪಡಿಸಿ 2ರಿಂದ 8 ಡಿಗ್ರಿಯಲ್ಲಿಟ್ಟು, ಮಧ್ಯಾಹ್ನ ಎಲ್ಲವನ್ನೂ ಒಂದೇ ರನ್ನಿನಲ್ಲಿ ಓಡಿಸಿದೆ. ಹೀಗೆ ಮಾಡಿದರೆ ರನ್ನಿಂದ ರನ್ನಿಗೆ ಆಗುವ ಏರುಪೇರು ಹೋಲಿಕೆಯೊಳಗೆ ನುಸುಳುವುದಿಲ್ಲ. ಕಂಟ್ರೋಲ್ ಒಂದು ಸಲ 2 ಎಸ್‌ಡಿ ದಾಟಿದರೆ ಎಚ್ಚರಿಕೆ. 3 ಎಸ್‌ಡಿ ದಾಟಿದರೆ, ಅಥವಾ ಸತತ ಎರಡು ಸಲ ಒಂದೇ ಕಡೆಗೆ 2 ಎಸ್‌ಡಿ ದಾಟಿದರೆ ಆ ರನ್ ಬಿಟ್ಟು ಮತ್ತೆ ಮಾಡಬೇಕು. ಪ್ಲಾಸ್ಮಾ 150 ಮೈಕ್ರೋಲೀಟರಿನಷ್ಟು ಸಿಗುವುದರಿಂದ ಮರುಪರೀಕ್ಷೆಗೆ ಕೊರತೆಯಾಗುವುದಿಲ್ಲ.

ಫಲಿತಾಂಶದ ಗೆರೆ ನಿರೀಕ್ಷೆಯಂತೆಯೇ ಬಂತು: ಇಳಿಕೆಯ ಹೆಚ್ಚಿನ ಪಾಲು ಮೊದಲ ಎರಡು ಗಂಟೆಯಲ್ಲಿ, ಅಲ್ಲಿಂದ ನಾಲ್ಕರ ತನಕ ಬಹುತೇಕ ಸಪಾಟು. ಇಲ್ಲಿ ಅನೇಕರು ಸೊನ್ನೆ ಹೊತ್ತಿನ ಮತ್ತು ಆಮೇಲಿನ ಅಂಕಿಗಳ ಕೋರಿಲೇಶನ್ (ಸಹಸಂಬಂಧ, ಅಂದರೆ ಆರ್) ತೆಗೆದು, ಆರ್ 0.99 ಬಂತು, ಎರಡೂ ಒಂದೇ ಎಂದು ಬರೆದುಬಿಡುತ್ತಾರೆ. ಎಲ್ಲ ಅಂಕಿಗಳೂ ಒಂದೇ ಪ್ರಮಾಣದಲ್ಲಿ ಇಳಿದರೂ ಆರ್ 0.99 ಬರುತ್ತದೆ. ಎರಡರ ವ್ಯತ್ಯಾಸವನ್ನು ಸರಾಸರಿಯ ಎದುರು ಹಾಕುವ ಬ್ಲ್ಯಾಂಡ್-ಆಲ್ಟ್‌ಮನ್ ಚಿತ್ರವೇ ಬೇಕು. 1986ರಿಂದ ಅದು ಬಳಕೆಯಲ್ಲಿದೆ. ವ್ಯತ್ಯಾಸ ಆಕಸ್ಮಿಕವೇ ಎಂದು ನೋಡುವ ಪಿ ಮೌಲ್ಯಕ್ಕೇ ನಿಲ್ಲಬೇಡಿ. ಡೆಸಿಲೀಟರಿಗೆ 128 ಮಿ.ಗ್ರಾಂ ಇದ್ದದ್ದು 4.5 ಶೇಕಡಾ ಇಳಿದರೆ 122; ಖಾಲಿ ಹೊಟ್ಟೆಯ ಸಕ್ಕರೆಗೆ ಮಧುಮೇಹದ ಗಡಿ 126. ಚರ್ಚೆಯ ಅಧ್ಯಾಯವನ್ನು ನಾನು ಕಟ್ಟಿದ್ದು ಈ ಒಂದು ಲೆಕ್ಕದ ಮೇಲೆ.

ವೈವಾದಲ್ಲಿ ಪ್ರಶ್ನೆಗಳು ಬರುವುದು ಸಂಖ್ಯಾಶಾಸ್ತ್ರಕ್ಕಿಂತ ಹೆಚ್ಚಾಗಿ ಬೆಂಚಿನಿಂದ. ಬಣ್ಣ ಅಳೆಯುವ ಬೆಳಕು 505 ನ್ಯಾನೋಮೀಟರೇ ಯಾಕೆ? ಜಿಒಡಿ-ಪಿಒಡಿ (ಗ್ಲೂಕೋಸ್ ಆಕ್ಸಿಡೇಸ್-ಪೆರಾಕ್ಸಿಡೇಸ್) ವಿಧಾನದಲ್ಲಿ ಕೊನೆಗೆ ಹುಟ್ಟುವ ಕೆಂಪು ಬಣ್ಣದ ಕ್ವಿನೋನಿಮೈನ್ ಬೆಳಕನ್ನು ಅಲ್ಲಿ ಹೆಚ್ಚು ಹೀರುತ್ತದೆ. ವಿಟಮಿನ್ ಸಿ ಹೆಚ್ಚು ತೆಗೆದುಕೊಂಡವರಲ್ಲಿ ಏನಾಗುತ್ತದೆ? ಅದು ಆ ಬಣ್ಣಕ್ಕೆ ಬೇಕಾದ ಹೈಡ್ರೋಜನ್ ಪೆರಾಕ್ಸೈಡನ್ನು ಕಸಿದುಕೊಳ್ಳುವುದರಿಂದ ಅಂಕಿ ಕಡಿಮೆ ಬರುತ್ತದೆ. ಫ್ಲೋರೈಡಿಗೆ ಬದಲು ಏನು? ಸಿಟ್ರೇಟ್ ಬಫರ್ ಇರುವ ಟ್ಯೂಬು. ಆಮ್ಲತೆಯಿಂದ ಹೆಕ್ಸೊಕೈನೇಸನ್ನೇ ಕೂಡಲೇ ತಡೆಯುತ್ತದೆ. ಲ್ಯುಕೀಮಿಯಾ ರೋಗಿಯದಾದರೆ? ಬಿಳಿ ರಕ್ತಕಣ ಬಹಳ ಇದ್ದಷ್ಟೂ ಮೊದಲ ಗಂಟೆಗಳ ಇಳಿಕೆ ಹೆಚ್ಚು. ಅಂಥ ಸ್ಯಾಂಪಲನ್ನು ಐಸ್ ನೀರಿನಲ್ಲಿಟ್ಟು ತಕ್ಷಣ ಬೇರ್ಪಡಿಸಬೇಕು. ಇಷ್ಟಾದ ಮೇಲೆ ಪರೀಕ್ಷಕರು ಕೇಳುವುದು ಮೂಲ ದಾಖಲೆ ಪುಸ್ತಕ. ಟ್ಯೂಬಿಗೆ ರಕ್ತ ಬಿದ್ದ ನಿಮಿಷ, ಸ್ಪಿನ್ ಶುರುವಾದ ನಿಮಿಷ, ಕೋಣೆಯ ಉಷ್ಣಾಂಶ, ಬಿಟ್ಟ ಸ್ಯಾಂಪಲ್ ಮತ್ತು ಬಿಟ್ಟ ಕಾರಣ, ಇವೆಲ್ಲ ಅಂದಂದೇ ಪೆನ್ನಿನಲ್ಲಿ ಬರೆದಿರಬೇಕು. ತಪ್ಪಾದರೆ ಒಂದೇ ಗೆರೆ ಹೊಡೆದು ಪಕ್ಕದಲ್ಲಿ ಸಹಿ, ತಾರೀಖು.