ಅಡಿಕೆ ಗೋದಾಮಿನಲ್ಲಿ ಪಂಕ್ ಆಲ್ಬಮ್: ಲೇಬಲ್ ಹೋದ ಮೇಲೆ ನಾವು ಮಾಡಿದ್ದು

ಲೇಬಲ್ಲಿನವರು ಕೈ ಎತ್ತಿದಾಗ ನಮ್ಮ ಬ್ಯಾಂಡಿನ ಮೊದಲ ಆಲ್ಬಮ್ಮಿನ ಮಾಸ್ಟರುಗಳೂ (ಮೂಲ ರೆಕಾರ್ಡಿಂಗ್) ಅವರಲ್ಲೇ ಉಳಿದವು. ಹಾಡು ನಮ್ಮದು, ರೆಕಾರ್ಡಿಂಗ್ ಅವರದ್ದು. ಹಳೆಯದನ್ನು ಕೆದಕದೆ ಹೊಸದೇ ಮಾಡೋಣ ಎಂದು ಹೊರಟೆವು. ಕಾಸರಗೋಡಿನ ಬದಿಯಡ್ಕದಲ್ಲಿ ಕೂತು ಪಂಕ್ ಆಲ್ಬಮ್ ಮಾಡ್ಲಿಕ್ಕೆ ಉಂಟಾ ಎಂದು ನಕ್ಕವರೇ ಈಗ ಆ ಡ್ರಮ್ ಸೌಂಡ್ ಹೇಗೆ ತೆಗೆದದ್ದು ಎಂದು ಕೇಳುತ್ತಿದ್ದಾರೆ. ಅವರಿಗಾಗಿ ಇದು.

ಕಡಿಮೆ ದುಡ್ಡಿನಲ್ಲೂ ಆಗುತ್ತದೆ ಎಂದು ಬಾಸ್ ಗಿಟಾರಿನವನನ್ನು ಒಪ್ಪಿಸಲು ನನ್ನಲ್ಲಿದ್ದದ್ದು ಹಳೆಯ ಲೆಕ್ಕ. ಮ್ಯಾಂಚೆಸ್ಟರಿನ ಪಂಕ್ ಬ್ಯಾಂಡ್ ಬಜ್‌ಕಾಕ್ಸ್ 1977ರಲ್ಲಿ 500 ಪೌಂಡ್ ಸಾಲ ಮಾಡಿ ತಮ್ಮದೇ ಲೇಬಲ್ಲಿನಲ್ಲಿ ನಾಲ್ಕು ಹಾಡು ತಂದರು. 1976ರ ಮೊದಲ ಆಲ್ಬಮ್ಮಿಗೆ ನ್ಯೂಯಾರ್ಕಿನ ರಮೋನ್ಸ್ ಬ್ಯಾಂಡ್ ಖರ್ಚು ಮಾಡಿದ್ದು 6,400 ಡಾಲರ್. "ಆಗಿನ ಡಾಲರಿಗೆ ಈಗ ಎಷ್ಟಾಯ್ತು ಮಾರಾಯ?" ಎಂದ ಅವನು. ಉತ್ತರ ಕೊಡದೆ ಮಾವನ ಗೋದಾಮಿನ ಬೀಗದ ಕೈ ತೋರಿಸಿದೆ.

ಗೋದಾಮಿಗೆ ಗಾರೆ ಇಲ್ಲದ ಮುರಕಲ್ಲಿನ ಗೋಡೆ, ಮೇಲೆ ಶೀಟು. ಕಿಕ್ (ಕಾಲಿನಿಂದ ಬಡಿಯುವ ದೊಡ್ಡ ಡ್ರಮ್) ಬಡಿದರೆ ಶೀಟು ಕೂಗುತ್ತಿತ್ತು. ಆನ್‌ಲೈನಿನಲ್ಲಿ ತರಿಸಿದ, ಸದ್ದು ಹೀರುವ ಫೋಮಿಗೆ ಏಳು ಸಾವಿರದಷ್ಟು ಹೋಯ್ತು. ಸಿಂಬಲ್ (ಡ್ರಮ್ ಸೆಟ್ಟಿನ ಲೋಹದ ತಟ್ಟೆ) ಮಂಕಾಯಿತೇ ಹೊರತು ಕೆಳಗಿನ ಗುಂಯ್ ಅಲ್ಲಾಡಲಿಲ್ಲ. ಖಾಲಿ ಗೋಣಿ ನೇತುಹಾಕಿದರೂ ಅಷ್ಟೇ. ಕೊನೆಗೆ ಸುಲಿದ ಅಡಿಕೆಯ ಸಿಪ್ಪೆಯನ್ನು ಗೋಣಿಗೆ ಗಟ್ಟಿಯಾಗಿ ತುಂಬಿ ಮೂಲೆಗಳಲ್ಲಿ ಮಾಡಿನವರೆಗೆ ಒಟ್ಟಿದೆವು. ಖರ್ಚು ಸೊನ್ನೆ, ಇರುವೆ ಉಚಿತ. ಚಟಪಟ ಎನ್ನುವ ಸ್ನೇರ್ ಡ್ರಮ್ ಆ ರಾತ್ರಿಯೇ ಮನುಷ್ಯರ ಹಾಗೆ ಮಾತಾಡಿತು.

ಮೈಕನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಇಂಟರ್ಫೇಸಿನಲ್ಲಿ ಇದ್ದದ್ದೇ ನಾಲ್ಕು ಮೈಕ್ ಇನ್‌ಪುಟ್. ಕಿಕ್ಕಿಗೆ ಒಂದು, ಇಂಗ್ಲಿಷ್ ಸೌಂಡ್ ಇಂಜಿನಿಯರ್ ಗ್ಲಿನ್ ಜಾನ್ಸ್ ಪದ್ಧತಿಯಲ್ಲಿ ಓವರ್‌ಹೆಡ್ (ಇಡೀ ಡ್ರಮ್ ಸೆಟ್ಟನ್ನು ಹಿಡಿಯುವ ಮೈಕ್) ಎರಡು, ಗಿಟಾರ್ ಆಂಪಿಗೆ ಒಂದು ಎಸ್‌ಎಂ57 ಮೈಕ್. ಡ್ರಮ್ಸ್ ಗಿಟಾರ್ ಒಟ್ಟಿಗೆ ಲೈವ್, ಬಾಸ್ ಆಮೇಲೆ ಡಿಐ (ಮೈಕ್ ಇಲ್ಲದೆ ನೇರ ಕೇಬಲಿನಲ್ಲಿ). ಲಯಕ್ಕೆ ಕಿವಿಯಲ್ಲಿ ಕ್ಲಿಕ್ ಇಲ್ಲ. ದನಿಯನ್ನು ಯಾವುದರೊಳಗೆ ನಿಂತು ಹಾಡಿದೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ, ಮುಂದಿನ ಆಲ್ಬಮ್ಮಿಗೂ ಬೇಕು.

ಹಮ್ (ಕರೆಂಟಿನಿಂದ ರೆಕಾರ್ಡಿಂಗಿಗೆ ನುಸುಳುವ ಸದ್ದು) ಮಾತ್ರ ಜೀವ ತಿಂದಿತು. ಡಿಐ ಬಾಕ್ಸ್ ಬದಲಿಸಿದೆವು, ಕೇಬಲ್ ಬದಲಿಸಿದೆವು, ಮೂರು ಸಾವಿರ ಮತ್ತೆ ಹೋಯ್ತು. ಊರಿನ ವಯರ್‌ಮ್ಯಾನ್ ಬಂದು ಅರ್ಥಿಂಗ್ ಗುಂಡಿಗೆ ಇದ್ದಿಲು, ಉಪ್ಪು ಹಾಕಿ ನಾಲ್ಕು ಕೊಡ ನೀರು ಹೊಯ್ದ. ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ಓಡಿಸಿದೆವು. ಮುಕ್ಕಾಲು ಪಾಲು ಹೋಯ್ತು, ಉಳಿದದ್ದು ಪಂಕ್.

ನಡುವೆ ಒಂದು ಹುಚ್ಚು: ಸ್ನೇರಿನ ಬದಲು ತೆಂಕುತಿಟ್ಟು ಯಕ್ಷಗಾನದ ಚೆಂಡೆ. ಮೇಳದಲ್ಲಿ ಬಾರಿಸುವ ಗೆಳೆಯ ಬಂದ. ಓವರ್‌ಹೆಡ್ಡಿನಲ್ಲಿ ಚೆಂಡೆ ಬಿಟ್ಟು ಬೇರೇನೂ ಕೇಳಲಿಲ್ಲ, ಗಿಟಾರ್ ಮೈಕಿನಲ್ಲಿಯೂ ಅದೇ. ಒಂದು ಹಾಡಿನ ಕೊನೆಯಲ್ಲಿ ಮಾತ್ರ ಇಟ್ಟೆವು, ಎಲ್ಲರೂ ಅದನ್ನೇ ಹೊಗಳುತ್ತಾರೆ. ಹತ್ತಿರ ಬಯಲಾಟ ಇದ್ದ ರಾತ್ರಿ ಮೈಕ್ ಮುಟ್ಟಲಿಲ್ಲ. ಮಾವ ಒಮ್ಮೆ ಇಣುಕಿ, "ಇದಕ್ಕಿಂತ ಅಡಿಕೆ ಸುಲಿಯುವ ಮಿಷನ್ ಲಾಯ್ಕ ಉಂಟು" ಎಂದರು.

ಮಿಕ್ಸ್ ರೀಪರ್ ಸಾಫ್ಟ್‌ವೇರಿನಲ್ಲಿ ನಾನೇ ಮಾಡಿದೆ. ಸ್ಟ್ರೀಮಿಂಗಿನವರು ಹೇಗೂ -14 ಲಫ್ಸಿನ (ಹಾಡಿನ ಜೋರಿನ ಅಳತೆ) ಆಸುಪಾಸಿಗೆ ಇಳಿಸುತ್ತಾರೆ, ಹಾಗಾಗಿ ಜೋರಾಗಲಿ ಎಂದು ಜಜ್ಜಲಿಲ್ಲ. ಒಟ್ಟು ಖರ್ಚು ಸುಮಾರು 45 ಸಾವಿರ. ಅರ್ಧಕ್ಕಿಂತ ಹೆಚ್ಚು ತಿರುಪ್ಪೂರಿನ ಟೀ ಶರ್ಟಿಗೆ. ಶರ್ಟಿನ ದುಡ್ಡು ಕೊಳ್ಳುವವರಿಂದ ಮೊದಲೇ ತೆಗೆದುಕೊಂಡಿದ್ದೆವು, ಅದರಲ್ಲೇ ಎಲ್ಲ ನಡೆಯಿತು. ಸ್ಟ್ರೀಮಿಂಗಿನಿಂದ ಬಂದದ್ದು ಗೋದಾಮಿನ ಕರೆಂಟ್ ಬಿಲ್ಲಿಗೂ ಸಾಲಲಿಲ್ಲ. ಲಾರ್ಜ್ ಸೈಜ್ ಖಾಲಿ, ಮೀಡಿಯಂ ಇನ್ನೂ ಉಂಟು.