ಬೆಂಗಳೂರಿನ ರೈಲು ಹತ್ತುವ ಮುಂಚೆ ಅಜ್ಜಿಯ ಬಾಯಿ ಬಿಡಿಸಿ

ನಮ್ಮ ಮಗನ ಕಾಯಿಲೆಗೆ ಹೆಸರು ಸಿಗಲು 6 ವರ್ಷ ಹಿಡಿಯಿತು. ಅದರಲ್ಲಿ 2 ವರ್ಷ ಹಾಳಾದದ್ದು ನಮ್ಮದೇ ಸುಳ್ಳಿನಿಂದ. 'ಸಂಬಂಧದಲ್ಲಿ ಮದುವೆಯಾ?' ಅಂತ ಡಾಕ್ಟರ್ ಕೇಳಿದರೆ ನಾಚಿಕೆಪಟ್ಟು ಇಲ್ಲ ಅಂದೆವು. ನನ್ನ ಗಂಡ ನನಗೆ ಸೋದರಮಾವ. ಅತ್ತೆ ಅಂದರೆ ಅವ್ವನ ಅವ್ವ. ಗುಳೇದಗುಡ್ಡದಲ್ಲಿ ಇದೇನು ಹೊಸದಲ್ಲ, ಅಲ್ವಾ?

ಖಣದ ಕುಪ್ಪಸ ಹೊಲಿಯುವ ನಾನು ಡಾಕ್ಟರಲ್ಲ. ಆದರೆ ಮಗುವಿನ ಜೀನ್ (ವಂಶವಾಹಿ) ಪರೀಕ್ಷೆಗೆ ಬೆಂಗಳೂರಿಗೆ ಹೋಗುವ ಮುಂಚೆ ಏನು ಮಾಡಬೇಕು ಅಂತ ಕೇಳುವವರಿಗೆ ಹೇಳುವುದು ಇಷ್ಟು.

ಮೊದಲು ಮನೆತನದ ಮರ ಬರೆಯಿರಿ. ಕನಿಷ್ಠ ಮೂರು ತಲೆಮಾರು. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ, ಸಂಬಂಧದ ಮದುವೆಗೆ ಜೋಡಿಗೆರೆ. ಬದುಕಿರುವವರನ್ನಷ್ಟೇ ಬರೆದರೆ ಸಾಲದು. ಬಸಿರು ಇಳಿದದ್ದು, ಹಸುಗೂಸಾಗಿದ್ದಾಗಲೇ ಹೋದವರು, ಎಲ್ಲರೂ ಬೇಕು. ನಮ್ಮ ಅಜ್ಜಿ ನಾಲ್ಕು ಮಕ್ಕಳು ಅಂತಲೇ ಹೇಳುತ್ತಿದ್ದರು. ಒಂದು ಸಂಜೆ ಶೇಂಗಾ ಸುಲಿಯುತ್ತಾ ಕೂತಾಗ ಐದನೆಯದು ಹೊರಗೆ ಬಂತು: 'ಒಂದು ಕೂಸಿಗೆ ಕುತ್ತಿಗೇನೇ ನಿಲ್ಲಲಿಲ್ಲವ್ವಾ, ದೃಷ್ಟಿ ತಾಗಿ ಹೋತು.' ನನ್ನ ಮಗನಿಗೂ ಕುತ್ತಿಗೆ ನಿಂತಿರಲಿಲ್ಲ. ನಾನು ಶೇಂಗಾ ಬಿಟ್ಟು ಪೆನ್ನು ಹುಡುಕಿದೆ.

ಇದು ಯಾಕೆ ಬೇಕು ಅಂದರೆ, ಹೆಚ್ಚಿನ ಜೀನ್‌ಗಳು ನಮ್ಮಲ್ಲಿ ಜೋಡಿಯಾಗಿರುತ್ತವೆ, ಅಪ್ಪನದೊಂದು, ಅವ್ವನದೊಂದು. ಎಷ್ಟೋ ಸಲ ಒಂದು ಕೆಟ್ಟರೂ ಇನ್ನೊಂದು ಸಂಭಾಳಿಸುತ್ತದೆ. ಒಂದೇ ಮನೆತನದವರು ಮದುವೆಯಾದರೆ ಇಬ್ಬರಲ್ಲೂ ಅದೇ ಕೆಟ್ಟದ್ದು ಇರುವ ಸಂಭವ ಜಾಸ್ತಿ. ಹಾಗಿದ್ದರೆ ಒಂದೊಂದು ಬಸಿರಿಗೂ ಮಗುವಿಗೆ ಎರಡೂ ಕೆಟ್ಟವೇ ಬರುವ ಸಾಧ್ಯತೆ ನೂರಕ್ಕೆ 25. ಲ್ಯಾಬಿನವರಿಗೆ ಎಲ್ಲಿ ಹುಡುಕಬೇಕು ಅಂತ ಆ ಜೋಡಿಗೆರೆ ಹೇಳುತ್ತದೆ.

ಆಮೇಲೆ ಮಗುವಿನ ಲೆಕ್ಕ. ಕೂತದ್ದು, ನಡೆದದ್ದು, ಮಾತಾಡಿದ್ದು ಎಷ್ಟನೇ ತಿಂಗಳು ಅಂತ ಬರೆಯಿರಿ. ಕಲಿತದ್ದನ್ನು ಮರೆತಿದ್ದರೆ ಬೇರೆ ಪುಟದಲ್ಲಿ ಬರೆಯಿರಿ. ಕಲಿಯುವುದು ನಿಧಾನವಾಗುವುದು ಬೇರೆ, ಕಲಿತದ್ದೇ ಹೋಗಿಬಿಡುವುದು ಬೇರೆ. ಝಟಕೆ (ಫಿಟ್ಸ್) ಬಂದರೆ ಫೋನಲ್ಲಿ ವಿಡಿಯೋ ಮಾಡಿ, ಡಾಕ್ಟರ್ ಎದುರು ಅದು ಯಾವತ್ತೂ ಬರಲ್ಲ.

ನಾವು ಬಾಗಲಕೋಟೆಯಲ್ಲಿ ಗೋಲ್ ಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋದೆವು. ಮಗುವಿನದೊಂದೇ ಅಲ್ಲ, ಮೂವರ ರಕ್ತವನ್ನೂ ಕೊಟ್ಟೆವು. ಹೋಲಿಸಿ ನೋಡಲು ಅದು ಬೇಕು. ಪರೀಕ್ಷೆಯ ಹೆಸರು ಎಕ್ಸೋಮ್. ಸುಮಾರು 20,000 ಜೀನ್‌ಗಳಲ್ಲಿ ಪ್ರೋಟೀನ್ ಮಾಡುವ ಭಾಗವನ್ನು ಮಾತ್ರ ಓದುತ್ತಾರೆ. ಒಟ್ಟು ಡಿಎನ್‌ಎಯಲ್ಲಿ ಅದು ನೂರಕ್ಕೆ ಎರಡರಷ್ಟೂ ಇಲ್ಲ.

ನಮ್ಮ ಮೊದಲ ರಿಪೋರ್ಟಿನಲ್ಲಿ ಏನೂ ಸಿಗಲಿಲ್ಲ. ಸಿಗಲಿಲ್ಲ ಅಂದರೆ ಇಲ್ಲ ಅಂತಲ್ಲ. ಇನ್ನು ಕೆಲವರಿಗೆ 'ವಿಯುಎಸ್' ಅಂತ ಬರುತ್ತದೆ. ಬದಲಾವಣೆ ಇದೆ, ಅರ್ಥ ಗೊತ್ತಿಲ್ಲ ಅಂತ. ಅದೊಂದನ್ನೇ ನಂಬಿ ಮುಂದಿನ ಬಸಿರಿನ ಬಗ್ಗೆ ಏನೂ ನಿರ್ಧಾರ ಮಾಡಬೇಡಿ.

ಲ್ಯಾಬಿನಿಂದ ಕಚ್ಚಾ ಡೇಟಾ, ಅಂದರೆ ರಿಪೋರ್ಟಲ್ಲ, ಯಂತ್ರ ಓದಿದ್ದರ ಫೈಲು, ಕೇಳಿ ಪೆನ್‌ಡ್ರೈವಿಗೆ ಹಾಕಿಸಿಕೊಳ್ಳಿ. ಯಾವ ಜೀನ್‌ನಿಂದ ಯಾವ ಕಾಯಿಲೆ ಅಂತ ಹೊಸದಾಗಿ ಗೊತ್ತಾಗುತ್ತಲೇ ಇರುತ್ತದೆ. ಒಂದೆರಡು ವರ್ಷ ಬಿಟ್ಟು ಅದನ್ನೇ ಮತ್ತೆ ಓದಿಸಬಹುದು. ನಮಗೆ ಉತ್ತರ ಸಿಕ್ಕಿದ್ದು ಹಾಗೆಯೇ, ಒಂದು ಹನಿ ರಕ್ತವನ್ನೂ ಹೊಸದಾಗಿ ಕೊಡದೆ. ನಮ್ಮ ಪೆನ್‌ಡ್ರೈವ್ ತಿಜೋರಿಯಲ್ಲಿ, ಮನೆಯ ಉತಾರದ ಜೊತೆ ಇದೆ.